ಬದುವಿನ ಬಿಲದಾಗಿನ ಚಿಗಟ ಮನಿತನಕ ಬರ್ತಾವೇನ್ರಿ? ಯಾವ ರೋಗಕ್ಕ ಹೆದರಬೇಕು?

ಮಸಾರಿ ಹೊಲ, ಮುಂಡರಗಿ

ನಮಸ್ಕಾರ್ರಿ ಎಲ್ಲಾರಿಗೂ. ಜಾಗ ಕಪ್ಪತಗುಡ್ಡದ ಬುಡಕ್ಕ. ಒಂದು ಕಡೆ ಮಸಾರಿ (ಕೆಂಪ ಮಣ್ಣು), ಒಂದು ಕಡೆ ಎರಿ (ಕರೇ ಮಣ್ಣು). ಶೇಂಗಾ ಕಿತ್ತು ಹೊಟ್ಟು ಬಣವಿ ಒಟ್ಟೈತಿ. ಹೊಲದ ಮನಿಯಿಂದ ಹತ್ತು ಮಾರು ದೂರದ ಬದುವಿನಾಗ ಇಪ್ಪತ್ತರ ಮ್ಯಾಲ ಬಿಲ ಅದಾವು. ಬಾಲದ ತುದಿಗೆ ಕರೇ ಕೂದಲ ಕುಚ್ಚು ಇರೋ, ಕುಪ್ಪಳಿಸಿ ಓಡೋ ಇಲಿ ಹೆಚ್ಚು. ಹೆಗ್ಗಣಾನೂ ಅದಾವು. ಮುಂಗಲಿ, ನರಿ ರಾತ್ರಿ ಬಂದು ಹೋಗ್ತಾವು. ಕೇಳಬೇಕಾದದ್ದು ಇಷ್ಟ:

ನಾಯಿ ಬಿಲ ಕೆದರತೈತಿ, ಇಲಿ ಹಿಡೀತೈತಿ. ಅದರ ಮೈಮ್ಯಾಲಿನ ಚಿಗಟ ಕಾಡಪ್ರಾಣಿಯಿಂದ ಬಂದವೇನು? ಕಾಳಿನ ಚೀಲ ಇಡೋ ಖೋಲಿಗೆ ಹೋದವರಿಗೆ ಹಿಮ್ಮಡದ ಮ್ಯಾಲ ಸಾಲಾಗಿ ಕೆಂಪ ಗಂದಿ ಏಳತಾವು, ಚಿಗಟಾನೋ ಮತ್ತೇನೋ? ಒಂದು ವಾರದಾಗ ಬದುವಿನ ಮ್ಯಾಲ ಎರಡು ಇಲಿ ಸತ್ತು ಬಿದ್ದಿದ್ವು, ಯಾರೂ ಪಾಷಾಣ ಹಾಕಿಲ್ಲ. ಪ್ಲೇಗಿನ ಭಯ ಐತೇನು? ಚಿಗರಿ, ಮುಸುವಗಳಿಂದನೂ ಚಿಗಟ ಬರ್ತಾವೇನು? ಕಡೀಗೆ, ಬಿಲಕ್ಕ ಏನು ಹಾಕಬೇಕು, ಯಾವಾಗ ಹಾಕಬೇಕು?

ಕೀಟ ವಿಭಾಗ, ಧಾರವಾಡ

ಚಿಗಟ ಪ್ರಾಣಿಯ ಮೈಗೆ ಸೇರಿದ್ದು ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ಸೇರಿದ್ದು ಪ್ರಾಣಿ ಮಲಗುವ ಜಾಗಕ್ಕೆ. ಇದೊಂದು ತಲೆಯಲ್ಲಿದ್ದರೆ ನಿಮ್ಮ ಅರ್ಧ ಪ್ರಶ್ನೆ ತಾವೇ ಬಿಡಿಸಿಕೊಳ್ಳುತ್ತವೆ.

ಹೇನು ಹುಟ್ಟುವುದೂ ಸಾಯುವುದೂ ಮೈಮೇಲೆ, ಅದರ ಸೀರು ಕೂದಲಿಗೆ ಅಂಟಿರುತ್ತದೆ. ಚಿಗಟದ ತತ್ತಿ ಅಂಟುವುದಿಲ್ಲ, ಉದುರಿ ಬಿಲದಲ್ಲೋ ಗೋಣಿತಾಟಿನ ಮೇಲೋ ಬೀಳುತ್ತದೆ. 2ರಿಂದ 14 ದಿನದೊಳಗೆ ಒಡೆದು ಬಿಳಿ ದಾರದ ತುಣುಕಿನಂಥ ಮರಿಹುಳ ಹೊರಬರುತ್ತದೆ. ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ, ರಕ್ತ ಹೀರುವ ಬಾಯಿಯೂ ಇಲ್ಲ. ನೆಲದ ಧೂಳು, ಹೊಟ್ಟು, ದೊಡ್ಡ ಚಿಗಟಗಳು ಹೇತ ಒಣರಕ್ತದ ಪುಡಿ ತಿಂದು ಬೆಳೆದು ಧೂಳು ಮೆತ್ತಿದ ರೇಷ್ಮೆ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನಲ್ಲಿ ತಿಂಗಳುಗಟ್ಟಲೆ ಕಾಯಬಲ್ಲದು. ನಡಿಗೆಯ ಅದುರು, ಮೈಯ ಬಿಸಿ, ಉಸಿರು ತಾಕಿದೊಡನೆ ಹೊರಗೆ ಜಿಗಿಯುತ್ತದೆ. ಎಷ್ಟೋ ದಿನ ಬೀಗ ಹಾಕಿದ್ದ ಹೊಲದ ಮನೆಗೆ ಕಾಲಿಟ್ಟ ದಿನವೇ ಚಿಗಟ ಮುತ್ತುವುದು ಇದರಿಂದ.

ಹೀಗಾಗಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಮಲಗುವ ಪ್ರಾಣಿಗೇ ಚಿಗಟ ಹೆಚ್ಚು: ಇಲಿ, ಹೆಗ್ಗಣ, ಮುಂಗಲಿ, ಮರಿ ಹಾಕಿದ ನರಿ, ಮುಳ್ಳುಹಂದಿ. ಚಿಗರಿಗೆ ಕಾಯಂ ಹಾಸಿಗೆ ಇಲ್ಲ, ಬಯಲಲ್ಲಿ ಸಿಕ್ಕಲ್ಲಿ ಮಲಗುತ್ತದೆ. ಮುಸುವ ಮರದ ಮೇಲೆ ಮಲಗುತ್ತದೆ, ಉದುರಿದ ತತ್ತಿ ನೆಲದ ಪಾಲು. ಇವೆರಡರ ಮೇಲೂ ಚಿಗಟ ನೆಲೆ ನಿಲ್ಲುವುದಿಲ್ಲ. ಮುಸುವಗಳು ಒಂದರ ಮೈ ಒಂದು ಹುಡುಕಿ ಬಾಯಿಗೆ ಹಾಕಿಕೊಳ್ಳುವುದು ಚರ್ಮದ ಹೊಟ್ಟು, ಹೇನು, ಉಣ್ಣಿ. ನಮ್ಮ ಕಡೆಯ ಮೊಲವೂ ಬಿಲ ತೋಡದು, ಹುಲ್ಲಿನ ಮರೆಯಲ್ಲಿ ತಗ್ಗು ಮಾಡಿ ಕೂರುತ್ತದೆ. ಯುರೋಪಿನ ಬಿಲದ ಮೊಲದ ಚಿಗಟದ ಬಗ್ಗೆ ಓದಿದ್ದನ್ನು ಇದಕ್ಕೆ ಹಚ್ಚಬಾರದು. ಅಮೆರಿಕದ ಬಿಲ ತೋಡುವ ಅಳಿಲಿನ ಪ್ಲೇಗನ್ನು ನಮ್ಮ ಮೂರು ಗೆರೆಯ ಅಳಿಲಿಗೂ ಹಚ್ಚಬೇಡಿ.

ಕುಚ್ಚು ಬಾಲದ ನಿಮ್ಮ ಇಲಿ ಜರ್ಬಿಲ್, ವೈಜ್ಞಾನಿಕ ಹೆಸರು ಟಟೇರಾ ಇಂಡಿಕಾ. ದಕ್ಷಿಣ ಭಾರತದಲ್ಲಿ ಪ್ಲೇಗ್ ಬ್ಯಾಕ್ಟೀರಿಯಾ ಊರ ಹೊರಗೆ ಉಳಿದುಕೊಳ್ಳುವುದು ಈ ಇಲಿಗಳ ನಡುವೆ. ಇದರ ಮೈಮೇಲೆ ಹೆಚ್ಚಾಗಿ ಸಿಗುವ ಕ್ಸೀನಾಪ್ಸಿಲ್ಲಾ ಆಸ್ಟಿಯಾ ಎಂಬ ಚಿಗಟ ಪ್ಲೇಗ್ ಹರಡುವುದರಲ್ಲಿ ಅಷ್ಟು ಚುರುಕಲ್ಲ. ಚುರುಕಾದದ್ದು ಮನೆ ಇಲಿಯ ಚಿಗಟ ಕ್ಸೀನಾಪ್ಸಿಲ್ಲಾ ಕಿಯೋಪಿಸ್. ಭಯ ಬೇಕಾದದ್ದು ಇವೆರಡು ಲೋಕ ಕೂಡುವಲ್ಲಿ. ಜರ್ಬಿಲ್ ಬದುವಿನಲ್ಲಿ, ಮನೆ ಇಲಿ ಮಾಡಿನಲ್ಲಿ, ನಡುವೆ ಎರಡೂ ಕಡೆ ಓಡಾಡುವ ಹೆಗ್ಗಣ. ನಿಮ್ಮ ಬಣವಿ ಎಲ್ಲಿದೆ ನೋಡಿ. ಬದುವಿಗೂ ಮನೆಗೂ ನಡುವೆ ಇದ್ದರೆ ಅದೇ ಸೇತುವೆ. ಮೊದಲು ಅದನ್ನು ಸರಿಸಿ.

ಇನ್ನು ಕಚ್ಚುತ್ತಿರುವುದು ಯಾವುದು? ಚಿಗಟ 2–3 ಮಿ.ಮೀ., ಕಂದು, ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ, ಉಗುರಲ್ಲಿ ಒತ್ತಿದರೂ ಜಾರುತ್ತದೆ. ಉಣ್ಣಿ ಎಂಟು ಕಾಲಿನದು, ಕಚ್ಚಿದಲ್ಲೇ ಕೂರುತ್ತದೆ. ತಿಗಣೆ ಮೇಲಿಂದ ಚಪ್ಪಟೆ, ಜಿಗಿಯದು, ಮೈಯ ಮೇಲ್ಭಾಗಕ್ಕೂ ಕಚ್ಚುತ್ತದೆ. ಮೊಣಕಾಲ ಕೆಳಗೆ ಮಾತ್ರ ಗಂದಿ ಅಂದರೆ ಚಿಗಟದ ಗುಮಾನಿ ಬಲವಾಗುತ್ತದೆ. ಖಾತ್ರಿಗೆ ಎರಡು ಪರೀಕ್ಷೆ:

ಬಿಳಿ ಕಾಲುಚೀಲವನ್ನು ಮೊಣಕಾಲತನಕ ಎಳೆದು, ಪ್ಯಾಂಟನ್ನು ಅದರೊಳಗೆ ಸೇರಿಸಿ, ಖೋಲಿಯಲ್ಲಿ 5–10 ನಿಮಿಷ ಕಾಲು ಎಳೆಯುತ್ತ ನಡೆಯಿರಿ. ಹತ್ತಿದ ಚಿಗಟ ಬಿಳಿ ಬಟ್ಟೆಯ ಮೇಲೆ ಎಣಿಸಲು ಸಿಗುತ್ತವೆ. ಹೊರಗೆ ಬಂದು ಅದೇ ಚೀಲವನ್ನು ಸೋಪಿನ ನೀರಿನ ಬಕೆಟ್‌ಗೆ ಹಾಕಿ. ಬರೀ ನೀರಾದರೆ ಚಿಗಟ ಮುಳುಗದು, ತೇಲಿ ಮತ್ತೆ ಹಾರುತ್ತದೆ. ಸೋಪು ನೀರಿನ ಬಿಗುವು ಮುರಿಯುವುದರಿಂದಲೇ ಮುಳುಗುವುದು.

ಎರಡನೆಯದು, ನಾಯಿಯ ಬೆನ್ನಿನ ಬುಡ, ಬಾಲದ ಹತ್ತಿರ ಸಣ್ಣ ಹಲ್ಲಿನ ಬಾಚಣಿಕೆಯಿಂದ ಬಾಚಿ, ಬಂದ ಕರೇ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ. ಮಣ್ಣಾದರೆ ಕಪ್ಪಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಗಂದು ಬಣ್ಣ ಹರಡುತ್ತದೆ, ಅದು ಜೀರ್ಣವಾದ ರಕ್ತ.

ಬಿಲಕ್ಕೆ ಮಾತ್ರ ಕೈ ಹಾಕಬೇಡಿ, ಸಲಿಕೆಯಿಂದ ಅಗೆಯಲೂ ಬೇಡಿ.

ಹತ್ತಿ–ಗೋವಿನಜೋಳ, ಸವಣೂರು

ಅಣ್ಣಾರ, ಇಷ್ಟೆಲ್ಲಾ ಯಾಕ್ರಿ? ಬಿಲಕ್ಕ ಒಂದೊಂದು ಗುಳಿಗಿ ಹಾಕಿ ಹಸೀ ಮಣ್ಣು ಮೆತ್ತಿಬಿಡ್ರಿ. ಗ್ಯಾಸಿಗೆ ಇಲೀನೂ ಹೋಗ್ತಾವು, ಚಿಗಟಾನೂ ಹೋಗ್ತಾವು. ಮಸಾರಿಯೊಳಗ ಛಲೋ ಕೆಲಸ ಮಾಡತೈತಿ.

ಕೀಟ ವಿಭಾಗ, ಧಾರವಾಡ

ಸವಣೂರಿನವರೇ, ಗ್ಯಾಸು ಬಿಲದೊಳಗೆ ಪೂರಾ ನಿಂತರೆ ಚಿಗಟವೂ ಸಾಯುತ್ತದೆ, ಅದು ನಿಜ. ಆದರೆ ಇಲ್ಲಿ ಬೇಡ ಅನ್ನುವುದಕ್ಕೆ ಕಾರಣಗಳಿವೆ. ಆ ಗುಳಿಗಿ ಅಲ್ಯೂಮಿನಿಯಂ ಫಾಸ್ಫೈಡ್. ಅದರ ಮಾರಾಟ, ಬಳಕೆ ಸರ್ಕಾರಿ ಸಂಸ್ಥೆಗಳಿಗೆ ಮತ್ತು ತರಬೇತಾದ ಕೀಟ ನಿಯಂತ್ರಣದವರಿಗೆ ಮಾತ್ರ. ತೇವ ತಾಕಿದರೆ ಫಾಸ್ಫೀನ್ ಹೊರಡುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. ಹತ್ತು ಮಾರಿನ ಅಂತರದಲ್ಲಿ ಜನ ಮಲಗುವ ಮನೆ ಇದೆ. ಪಕ್ಕದ ಎರಿ ನೆಲ ಬಿರುಕು ಬಿಟ್ಟಿದ್ದರೆ ಗ್ಯಾಸು ಬಿಲದಲ್ಲಿ ನಿಲ್ಲದೆ ಬಿರುಕು ಹಿಡಿದು ಎಲ್ಲಿಗೋ ಹೋಗುತ್ತದೆ. ಇಲಿಗಳು ಹಿಂಬಾಗಿಲಿಂದ ಪಾರಾಗಿ ಮನೆ ಕಡೆಗೇ ಓಡುತ್ತವೆ, ಚಿಗಟ ಹೊತ್ತುಕೊಂಡೇ. ಅಷ್ಟಲ್ಲದೆ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ದೊಡ್ಡ ಬಾಯಿಯ ಬಿಲದಲ್ಲಿ ಇಲಿಯ ಬದಲು ನರಿ, ಮುಂಗಲಿ, ಮುಳ್ಳುಹಂದಿ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸು ಬೀಳುತ್ತದೆ. ನರಿ, ಮುಂಗಲಿ ನಿಮ್ಮ ಇಲಿಗಳನ್ನು ಪುಕ್ಕಟೆ ತಿನ್ನುವ ಪ್ರಾಣಿಗಳು. ಅವನ್ನು ಕೊಲ್ಲುವಂಥ ತಪ್ಪು ಬೇರೆ ಇಲ್ಲ.

ಪ್ರಶ್ನೆ ಕೇಳಿದವರಿಗೆ ಒತ್ತಿ ಹೇಳುತ್ತೇನೆ: ಮೊದಲು ಚಿಗಟ, ಆಮೇಲೆ ಇಲಿ. ಇಲಿ ಸತ್ತು ಮೈ ತಣ್ಣಗಾಗುತ್ತಲೇ ಚಿಗಟ ಇಳಿದು ಬೇರೆ ಬಿಸಿ ಮೈ ಹುಡುಕುತ್ತದೆ. ನೂರು ಇಲಿ ಒಮ್ಮೆಗೇ ಕೊಂದರೆ ಅವುಗಳ ಚಿಗಟಗಳೆಲ್ಲ ಹಸಿದು ಬೀದಿಗೆ ಬೀಳುತ್ತವೆ. ಸಿಗುವ ಬಿಸಿ ಮೈ ನಾಯಿಯದು, ಮಕ್ಕಳದು.

ಸದ್ಯಕ್ಕಂತೂ ವಿಷ ಬೇಡವೇ ಬೇಡ. ಎರಡು ಇಲಿ ಕಾರಣವಿಲ್ಲದೆ ಸತ್ತಿವೆ. ಈಗ ಪಾಷಾಣ ಹಾಕಿದರೆ ಯಾವುದು ವಿಷಕ್ಕೆ ಸತ್ತದ್ದು, ಯಾವುದು ರೋಗಕ್ಕೆ ಸತ್ತದ್ದು ಯಾರಿಗೂ ತಿಳಿಯುವುದಿಲ್ಲ. ಆರೋಗ್ಯ ಇಲಾಖೆಯವರು ನೋಡಿ ರೋಗವಲ್ಲ ಅಂದ ಮೇಲೆ, ಮನೆ ಮತ್ತು ನಾಯಿಯ ಚಿಗಟ ಹೋದ ಮೇಲೆ, ಕ್ರಮ ಹೀಗೆ:

ಒಂದು ಸಂಜೆ ಎಲ್ಲ ಬಿಲದ ಬಾಯಿ ಮಣ್ಣಿನಿಂದ ಮುಚ್ಚಿ. ಮರುದಿನ ಮುಂಜಾನೆ ತೆರೆದಿರುವವೇ ಜೀವಂತ ಬಿಲ, ಅವಕ್ಕೆ ಕೋಲು ನೆಟ್ಟು ಗುರುತು ಮಾಡಿ. 2–3 ದಿನ ವಿಷವಿಲ್ಲದ ಜೋಳದ ನುಚ್ಚಿಗೆ ಶೇಂಗಾ ಎಣ್ಣೆ ಸವರಿ ರುಚಿ ಹತ್ತಿಸಿ. ನಂತರ ನುಚ್ಚು 96 ಭಾಗ, ಎಣ್ಣೆ 2 ಭಾಗ, ಇಲಿ ವಿಷವಾದ ಸತುವಿನ ಫಾಸ್ಫೈಡ್ (ಜಿಂಕ್ ಫಾಸ್ಫೈಡ್) ಪುಡಿ 2 ಭಾಗ. ಒಂದು ಕಿಲೋ ಲೆಕ್ಕಕ್ಕೆ 960, 20, 20 ಗ್ರಾಂ. ಮೊದಲು ಎಣ್ಣೆ ಸವರಿ, ಆಮೇಲೆ ಪುಡಿ ಹಾಕಿ ಕೋಲಿನಿಂದ ಕಲಸಿ. ಕೈಗವಸು, ಮುಖಕ್ಕೆ ಬಟ್ಟೆ ಬೇಕು, ಬಯಲಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲಿ. ನೀರು ಸೋಕಿಸಬೇಡಿ. 10 ಗ್ರಾಂ ಕಾಗದದ ಪೊಟ್ಟಣ ಕಟ್ಟಿ ಬಿಲದ ಒಳಕ್ಕೆ ತಳ್ಳಿ, ಹೊರಗೆ ಒಂದು ಕಾಳೂ ಬೀಳಬಾರದು. ರುಚಿ ಹತ್ತಿಸುವುದನ್ನು ಬಿಟ್ಟರೆ ಅರೆಬರೆ ತಿಂದ ಇಲಿ ಹೊಟ್ಟೆನೋವಿಗೆ ಪಾಠ ಕಲಿತು ತಿಂಗಳುಗಟ್ಟಲೆ ಆ ಕಾಳು ಮುಟ್ಟದು. ಆದ್ದರಿಂದ ಸತುವಿನ ಫಾಸ್ಫೈಡ್ ಹಂಗಾಮಿಗೆ ಒಂದೇ ಸಲ. ಉಳಿದ ಇಲಿಗೆ ಬ್ರೊಮಾಡಿಯೊಲೋನ್ 0.005 ಪ್ರತಿಶತದ ಬಿಲ್ಲೆ ಸಾಕು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನ ತಡವಾಗಿ ಕೊಲ್ಲುವುದರಿಂದ ಇಲಿಗೆ ಅನುಮಾನ ಹುಟ್ಟುವುದಿಲ್ಲ. ಸತ್ತ ಇಲಿಗಳನ್ನು ದಿನಾ ಹುಡುಕಿ ಹೂಳಲೇಬೇಕು. ಇಲ್ಲದಿದ್ದರೆ ಗೂಬೆ, ನರಿ, ನಿಮ್ಮ ನಾಯಿಯೇ ಅದನ್ನು ತಿಂದು ವಿಷಕ್ಕೆ ಬೀಳುತ್ತವೆ.

ಪಶುವೈದ್ಯಕೀಯ, ರಾಣೆಬೆನ್ನೂರು

ನಾಯಿ ವಿಷಯ ನಾನು ಹೇಳತೇನ್ರಿ. ಹೊಲದ ನಾಯಿಯ ಮೈಮ್ಯಾಲ ಇರೋ ಚಿಗಟ ಬಹುಪಾಲು ಬೆಕ್ಕಿನ ಚಿಗಟದ ಜಾತಿ, ಟೀನೋಸೆಫಲೈಡಿಸ್. ನಾಯಿಗೂ ಅದೇ, ಬೆಕ್ಕಿಗೂ ಅದೇ, ನರಿ ಮುಂಗಲಿಗೂ ಹತ್ತತಾವು. ಸೂಕ್ಷ್ಮದರ್ಶಕದಾಗ ನೋಡಿದ್ರ ಕೆನ್ನೆಯ ಕೆಳಗ ಮತ್ತು ಕುತ್ತಿಗೆ ಹಿಂದ ಬಾಚಣಿಕೆಯಂಥ ಕರೇ ಮುಳ್ಳಿನ ಸಾಲು ಕಾಣತಾವು. ಇಲಿ ಚಿಗಟಕ್ಕ ಆ ಬಾಚಣಿಕೆ ಇಲ್ಲ. ಬರಿಗಣ್ಣಿಗೆ ಇದು ತಿಳಿಯೂದಿಲ್ಲ. ಬಿಲ ಕೆದರೋ ನಾಯಿಯ ಮೂಗು, ಮುಖದ ಮ್ಯಾಲ ಇಲಿ ಚಿಗಟನೂ ಸ್ವಲ್ಪ ಹೊತ್ತು ಸವಾರಿ ಮಾಡಿ ಬರಬಹುದು. ಮನಿಗೆ ತರೋ ದಾರಿ ಇದೇ.

ಫಿಪ್ರೋನಿಲ್ ಹನಿ ಔಷಧಿಯನ್ನ ಕುತ್ತಿಗೆ ಹಿಂದ ಕೂದಲು ಸರಿಸಿ ಚರ್ಮಕ್ಕ ತಾಕೋಹಂಗ ಹಾಕಬೇಕು. ಕೂದಲ ಮ್ಯಾಲ ಸುರಿದ್ರ ದಂಡ. ಹಾಕೋದಕ್ಕೆ ಎರಡು ದಿನ ಮೊದಲು, ಹಾಕಿದ ಮ್ಯಾಲ ಎರಡು ದಿನ ಮೈ ತೊಳೀಬ್ಯಾಡ್ರಿ. ಔಷಧಿ ಚರ್ಮದ ಎಣ್ಣಿಯೊಳಗ ಹರಡಬೇಕು, ಶಾಂಪೂ ಆ ಎಣ್ಣೀನ ತೆಗದುಬಿಡತೈತಿ. 8 ವಾರದ ಒಳಗಿನ ಮರಿಗೆ ಹಾಕಬಾರದು. ಸಿಂಪಡಿಸೋ 0.25 ಪ್ರತಿಶತದ ಬಾಟಲಿ ಆದ್ರ ಕಿಲೋ ತೂಕಕ್ಕ 3ರಿಂದ 6 ಮಿ.ಲೀ. ಒಂದು ನಾಯಿಗೆ ಹಾಕಿ ಇನ್ನೊಂದನ್ನ, ಬೆಕ್ಕನ್ನ ಬಿಟ್ರ ಏನೂ ಉಪಯೋಗ ಇಲ್ಲ. ಬೆಕ್ಕಿಗೆ ಪರ್ಮೆಥ್ರಿನ್ ಇರೋ ನಾಯಿ ಔಷಧಿ ಹಾಕಿದ್ರ ನಡುಕ ಬಂದು ಸಾಯತೈತಿ. ಇನ್ನೊಂದು ಮಾತು, ಹತ್ತಿಗೆ, ಮೆಣಸಿನಕಾಯಿಗೆ ಹೊಡಿಯೋ ಔಷಧಿಯನ್ನ ನೀರಿಗೆ ಹಾಕಿ ನಾಯಿ ಮೈಗೆ ಸವರೋದು ಹಳ್ಯಾಗ ನಡದೈತಿ. ದಯವಿಟ್ಟು ಮಾಡಬ್ಯಾಡ್ರಿ. ನಾಯಿ ಮೈ ನೆಕ್ಕಿಕೊಳ್ಳತೈತಿ, ಜೊಲ್ಲು ಸುರಿಸಿ ಉಸಿರುಕಟ್ಟಿ ಸಾಯತೈತಿ.

ನಾಯಿಯ ಗುದದ ಹತ್ತಿರ, ಮಲಗಿದ ತಾಟಿನ ಮ್ಯಾಲ ಸೌತಿ ಬೀಜದಂಥ ಬಿಳಿ ತುಣುಕು ಕಂಡ್ರ ಅದು ಲಾಡಿಹುಳ, ಡಿಪಿಲಿಡಿಯಂ. ಇದು ಚಿಗಟದೊಳಗ ಬೆಳೀತೈತಿ. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗಿ ಹತ್ತಿಸಿಕೊಳ್ಳತೈತಿ. ನಾಯಿ ಜೋಡಿ ಆಡೋ ಸಣ್ಣ ಹುಡುಗರೂ ಹಂಗೇ ಚಿಗಟ ನುಂಗಿದ್ರ ಅವರಿಗೂ ಬರತೈತಿ. ನಾಯಿಗೆ ಪ್ರಾಜಿಕ್ವಾಂಟೆಲ್ ಕಿಲೋ ತೂಕಕ್ಕ 5 ಮಿ.ಗ್ರಾಂ. ಚಿಗಟ ಬಿಟ್ಟು ಬರೇ ಹುಳದ ಗುಳಿಗಿ ಕೊಟ್ರ ತಿಂಗಳೊಪ್ಪತ್ತಿನಾಗ ಮತ್ತ ಹಾಜರ್. ಕೋಳಿ ಸಾಕಿದ್ರ ಕಣ್ಣಿನ ಸುತ್ತ, ಜುಟ್ಟಿನ ಮ್ಯಾಲ ಕರೇ ಕಾಳಿನಂಗ ಅಂಟಿಕೊಂಡವು ಅದಾವೇನು ನೋಡ್ರಿ. ಅದು ಬೇರೆ ಜಾತಿ, ಬಾಯಿ ಊರಿ ಕಚ್ಚಿಕೊಂಡೇ ಇರತೈತಿ, ಇಲಿ, ನಾಯಿಗೂ ಹತ್ತತೈತಿ.

ಪ್ರಯೋಗಾಲಯ, ಹುಬ್ಬಳ್ಳಿ

ರೋಗಗಳ ಮಾತು. ಕಾಡಪ್ರಾಣಿ, ಹೊಲ, ಜ್ವರ ಅಂದಕೂಡಲೇ ಎಲ್ಲವನ್ನೂ ಚಿಗಟದ ತಲೆಗೆ ಕಟ್ಟುತ್ತಾರೆ. ಹೊತ್ತು ತರುವ ಜೀವಿ ಬೇರೆಯಾದರೆ ಕಾಪಾಡಿಕೊಳ್ಳುವ ದಾರಿಯೂ ಬೇರೆ, ಅದಕ್ಕೇ ಬಿಡಿಸಿ ಹೇಳಬೇಕು.

ಮಂಗನ ಕಾಯಿಲೆ ಉಣ್ಣಿಯದು, ಹೆಮಾಫೈಸಾಲಿಸ್ ಸ್ಪಿನಿಜೆರಾ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. ಹಾವೇರಿ ಜಿಲ್ಲೆಯವರು ಮಲೆನಾಡಿನ ಕಡೆ ದರಕು, ಕಟ್ಟಿಗೆಗೆ ಹೋದರೆ ನೆನಪಿರಬೇಕಾದದ್ದು ಇದು. ಸ್ಕ್ರಬ್ ಟೈಫಸ್ ನುಸಿಯ ಮರಿಯದು. ಅದು ಕಣ್ಣಿಗೆ ಕಾಣದಷ್ಟು ಸಣ್ಣ, ಪೊದೆಗಳಲ್ಲಿರುತ್ತದೆ, ಕಚ್ಚಿದಲ್ಲಿ ಸಿಗರೇಟು ತಾಗಿಸಿದಂಥ ಕರಕಲು ಗಾಯ ಆಗಬಹುದು. ಇಲಿ ಜ್ವರ ಯಾವ ಹುಳದಿಂದಲೂ ಅಲ್ಲ, ಇಲಿಯ ಉಚ್ಚೆ ಬೆರೆತ ನೀರು, ಕೆಸರಿನಿಂದ.

ಚಿಗಟದ ಪಾಲಿನ ಜ್ವರಗಳಲ್ಲಿ ಹೆಚ್ಚು ಗಮನ ಬೇಕಾದದ್ದು ಮ್ಯೂರಿನ್ ಟೈಫಸ್, ಅದರ ಬ್ಯಾಕ್ಟೀರಿಯಾ ರಿಕೆಟ್ಸಿಯಾ ಟೈಫಿ. ಇದು ಕಡಿತದಿಂದ ನೇರ ಬರುವುದು ಕಡಿಮೆ. ಚಿಗಟ ಕಚ್ಚುತ್ತ ಅಲ್ಲೇ ಹೇಲುತ್ತದೆ. ನಾವು ಕೆರೆದಾಗ ಆ ಹಿಕ್ಕೆ ಗಾಯದೊಳಗೆ ಹೋಗುತ್ತದೆ. ಒಣಗಿದ ಹಿಕ್ಕೆಯ ಧೂಳು ಉಸಿರಿನಿಂದಲೂ ಹೋಗಬಹುದು. ಆದ್ದರಿಂದ ಗಂದಿ ಕೆರೆಯದೆ ಸೋಪು ಹಾಕಿ ತೊಳೆಯಿರಿ, ಧೂಳಿನ ಖೋಲಿಯನ್ನು ನೀರು ಚಿಮುಕಿಸದೆ ಗುಡಿಸಬೇಡಿ. ಕಡಿತವಾಗಿ ಒಂದರಿಂದ ಎರಡು ವಾರಕ್ಕೆ ಜ್ವರ, ವಿಪರೀತ ತಲೆನೋವು, ಕೆಲವರಿಗೆ ಎದೆ ಹೊಟ್ಟೆಯ ಮೇಲೆ ಸಣ್ಣ ಕೆಂಪು ಕಲೆ. ಕರಕಲು ಗಾಯ ಇರುವುದಿಲ್ಲ. ಡಾಕ್ಸಿಸೈಕ್ಲಿನ್‌ಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ವೈದ್ಯರು ಅನುಮಾನಿಸಬೇಕಲ್ಲ! ‘ಇಲಿ ಇರುವ ಕಾಳಿನ ಖೋಲಿ, ಚಿಗಟ ಕಚ್ಚಿವೆ’ ಅಂತ ನೀವೇ ಬಾಯಿಬಿಟ್ಟು ಹೇಳಿ. ವೈಲ್–ಫೆಲಿಕ್ಸ್ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಓಎಕ್ಸ್–19 ಏರಿದ್ದರೆ ಮ್ಯೂರಿನ್ ಟೈಫಸ್‌ನ ಗುಂಪು, ಓಎಕ್ಸ್–ಕೆ ಏರಿದ್ದರೆ ಸ್ಕ್ರಬ್ ಕಡೆ. ಮೊದಲ ವಾರದಲ್ಲಿ ಎರಡೂ ಸುಮ್ಮನಿರಬಹುದು. ಹೀಗಾಗಿ ಒಂದೇ ಸಲದ ‘ನೆಗೆಟಿವ್’ ನೋಡಿ ನಿಶ್ಚಿಂತರಾಗಬೇಡಿ.

ಇನ್ನು ಪ್ಲೇಗ್. ಕಿಯೋಪಿಸ್ ಚಿಗಟದ ಜಠರದ ಮುಂದೆ ಮುಳ್ಳುಗಳಿರುವ ಸಣ್ಣ ಕವಾಟ ಇದೆ. ರೋಗದ ಇಲಿಯ ರಕ್ತ ಕುಡಿದಾಗ ಪ್ಲೇಗಿನ ಬ್ಯಾಕ್ಟೀರಿಯಾ ಯೆರ್ಸಿನಿಯಾ ಪೆಸ್ಟಿಸ್ ಅಲ್ಲಿ ಗೆಡ್ಡೆಕಟ್ಟಿ ದಾರಿ ಮುಚ್ಚುತ್ತದೆ. ಕುಡಿದ ರಕ್ತ ಹೊಟ್ಟೆಗಿಳಿಯದೆ ಚಿಗಟ ಹಸಿವಿನಿಂದ ಮತ್ತೆ ಮತ್ತೆ ಕಚ್ಚುತ್ತದೆ, ಪ್ರತಿ ಸಲವೂ ಬ್ಯಾಕ್ಟೀರಿಯಾ ಬೆರೆತ ರಕ್ತವನ್ನು ಗಾಯಕ್ಕೇ ಕಕ್ಕುತ್ತದೆ. ಕಡು ಬಿಸಿಲಿನ ದಿನಗಳಲ್ಲಿ ಆ ಗೆಡ್ಡೆ ಸರಿಯಾಗಿ ಕಟ್ಟದು, ಒಣಗಾಳಿಗೆ ಮರಿಹುಳವೂ ಸಾಯುತ್ತದೆ. ತಂಪು ತಿಂಗಳಲ್ಲಿ ಪ್ಲೇಗ್ ಏರುತ್ತಿದ್ದುದು ಇದರಿಂದ. ಬಿಲದೊಳಗೆ ಮಾತ್ರ ಬೇಸಿಗೆಯಲ್ಲೂ ತಂಪು, ತೇವ ಇರುತ್ತದೆ.

ಹುಬ್ಬಳ್ಳಿಗೆ ಈ ರೋಗ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಬಂದದ್ದು ಇಲ್ಲಿಗೂ ಹಬ್ಬಿತು. 1898ರಲ್ಲಿ ವಿಜ್ಞಾನಿ ಹಾಫ್ಕಿನ್‌ರ ಪ್ಲೇಗ್ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಅದೇ ವರ್ಷ ಫ್ರೆಂಚ್ ವೈದ್ಯ ಪಾಲ್–ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ಲೇಗನ್ನು ಚಿಗಟವೇ ಹರಡುವುದು ಎಂದು ತೋರಿಸಿದರು. ಅದಕ್ಕೂ ಮೊದಲೇ ನಮ್ಮ ಹಿರಿಯರು ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಕಾರಣ ಗೊತ್ತಿಲ್ಲದೆಯೂ ಅವರು ಮಾಡಿದ್ದು ಸರಿಯೇ ಇತ್ತು, ಚಿಗಟ ಊರಲ್ಲೇ ಉಳಿಯುತ್ತಿತ್ತು. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಾಣಿಸಿಕೊಂಡದ್ದೂ 1993ರ ಲಾತೂರು ಭೂಕಂಪದ ನಂತರ ಬಿಟ್ಟ ಮನೆಗಳಲ್ಲಿ ಉಳಿದ ಕಾಳಿಗೆ ಇಲಿ ಹೆಚ್ಚಿದ ಪ್ರದೇಶದಲ್ಲಿ, ಇಲಿ ಬೀಳುವುದು, ಚಿಗಟದ ಕಾಟ ಮೊದಲಾಗಿ. ನಮ್ಮ ರಾಜ್ಯದಲ್ಲಿ ಕೋಲಾರದ ಕಡೆ, ಆಂಧ್ರ–ತಮಿಳುನಾಡಿನ ಗಡಿ ಕೂಡುವಲ್ಲಿ, ಕಾಡಿಲಿಗಳ ನಡುವಿನ ಹಳೆಯ ನೆಲೆ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಪ್ಲೇಗ್ ಘಟಕ ಇಲಿ ಹಿಡಿದು ಪರೀಕ್ಷೆ ಮಾಡುತ್ತದೆ. ಒಂದು ಇಲಿಗೆ ಸರಾಸರಿ ಎಷ್ಟು ಚಿಗಟ ಅನ್ನುವ ಲೆಕ್ಕ ಅವರದು. ಕಿಯೋಪಿಸ್ ಸರಾಸರಿ 1 ದಾಟಿದರೆ ಎಚ್ಚರಿಕೆ.

ನಿಮ್ಮ ಎರಡು ಇಲಿ ಹಾವು ಕಚ್ಚಿಯೋ, ಪಕ್ಕದ ಹೊಲದ ವಿಷ ತಿಂದೋ ಸತ್ತಿರುವ ಸಂಭವವೇ ಹೆಚ್ಚು. ಆದರೂ ತಿಳಿಸುವುದು ಕರ್ತವ್ಯ. ಮನೆಯಲ್ಲಿ ಯಾರಿಗಾದರೂ ಒಮ್ಮೆಗೇ ಚಳಿಜ್ವರ ಬಂದು ತೊಡೆಸಂದಿ, ಕಂಕುಳು, ಕುತ್ತಿಗೆಯಲ್ಲಿ ಮುಟ್ಟಲಾಗದಷ್ಟು ನೋವಿನ ಗಡ್ಡೆ ಎದ್ದರೆ ನಾಳೆಗೆ ತಳ್ಳಬೇಡಿ. ಅದೇ ದಿನ ಗದಗ ಜಿಲ್ಲಾ ಆಸ್ಪತ್ರೆಗೆ ಹೋಗಿ. ಬೇಗ ಕೊಟ್ಟರೆ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್ ಎಲ್ಲಕ್ಕೂ ಪ್ಲೇಗ್ ಬಗ್ಗುತ್ತದೆ.

ಮಸಾರಿ ಹೊಲ, ಮುಂಡರಗಿ

ಪರೀಕ್ಷೆ ಮಾಡಿದ್ವಿರಿ. ಕಾಳಿನ ಖೋಲಿಯೊಳಗ ಕಾಲುಚೀಲಕ್ಕ 7 ಹತ್ತಿದ್ವು. ಅಂಗಳದಾಗ ಒಂದೂ ಇಲ್ಲ. ನಾಯಿಯ ಪುಡಿ ಒದ್ದೆ ಕಾಗದಕ್ಕ ಕೆಂಪಾತು. ನಾಯಿ ಮಲಗೋದು ಆ ಖೋಲಿಯೊಳಗಿನ ಗೋಣಿಚೀಲದ ಮ್ಯಾಲೇ. ನೆಲ ಮಣ್ಣಿಂದು, ಬಿರುಕು ಬಿಟ್ಟೈತಿ. ಮುಂದ?

ಕೀಟ ವಿಭಾಗ, ಧಾರವಾಡ

ಹಾಗಾದರೆ ನಿಮ್ಮ ಚಿಗಟ ಹುಟ್ಟುತ್ತಿರುವುದು ಬದುವಿನಲ್ಲಲ್ಲ, ಆ ಗೋಣಿಚೀಲದಲ್ಲಿ ಮತ್ತು ಅದರಡಿಯ ಬಿರುಕಿನಲ್ಲಿ. ನಾಯಿಗೆ ಔಷಧಿ ಮತ್ತು ಖೋಲಿಗೆ ಔಷಧಿ ಒಂದೇ ದಿನ ಆಗಬೇಕು.

ಕಾಳಿನ ಚೀಲ ಹೊರಗೆ ತೆಗೆದು ಬಿಸಿಲಿಗೆ ಹಾಕಿ. ನಾಯಿ ಮಲಗುವ ಗೋಣಿತಾಟು ಸುಟ್ಟುಬಿಡಿ, ಹೊದಿಕೆಗಳಿದ್ದರೆ ಕುದಿಯುವ ನೀರಲ್ಲಿ ನೆನೆಸಿ. ನೆಲಕ್ಕೆ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ ಗುಡಿಸಿ. ಮೂಲೆಯ ಧೂಳಿನಲ್ಲಿ ತತ್ತಿ, ಮರಿ, ಗೂಡು ಎಲ್ಲ ಇರುತ್ತವೆ, ಅದನ್ನೂ ಸುಡಿ. ಸಿಂಪಡಿಸಲು ಡೆಲ್ಟಾಮೆಥ್ರಿನ್ 2.5 ಪ್ರತಿಶತದ ನೀರಲ್ಲಿ ಕದಡುವ ಪುಡಿ. ಆರೋಗ್ಯ ಇಲಾಖೆಯವರು ಸೊಳ್ಳೆಗೆ ಗೋಡೆಗೆ ಹೊಡೆಯುವ ಲೆಕ್ಕ 10 ಲೀಟರಿಗೆ 400 ಗ್ರಾಂ, 500 ಚದರ ಮೀಟರಿಗೆ. ಅದೇ ಲೆಕ್ಕದಲ್ಲಿ 1 ಲೀಟರಿಗೆ 40 ಗ್ರಾಂ 50 ಚದರ ಮೀಟರಿಗೆ ಸಾಕು. ನೆಲ, ಬಿರುಕು, ಗೋಡೆಯ ಕೆಳಗಿನ ಎರಡು ಅಡಿ, ಅಷ್ಟೇ. ಕಾಳಿಗೆ, ಮೇವಿಗೆ, ಗೋದಲಿಗೆ ಒಂದು ಹನಿಯೂ ಬೀಳಬಾರದು. ಪೂರಾ ಒಣಗಿದ ಮೇಲೆಯೇ ಚೀಲ ಒಳಗೆ, ಅದೂ ಒಂದು ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು.

ಮೂರ್ನಾಲ್ಕು ದಿನಕ್ಕೆ ಮತ್ತೆ ಚಿಗಟ ಕಂಡರೆ ಔಷಧಿ ಕೆಟ್ಟದ್ದು ಅಂತ ಇಮ್ಮಡಿ ಹೊಡೆಯಬೇಡಿ. ಗೂಡಿನೊಳಗಿನದಕ್ಕೆ ಯಾವ ಔಷಧಿಯೂ ತಾಕದು, ಅವು ಈಗ ಹೊರಬರುತ್ತಿವೆ ಅಷ್ಟೇ. 14ನೇ ದಿನ ಎರಡನೇ ಸಲ ಹೊಡೆಯಿರಿ. ಅದಾಗಿ ವಾರಕ್ಕೆ ಮತ್ತೆ ಬಿಳಿ ಕಾಲುಚೀಲ ಹಾಕಿ ನಡೆದು ನೋಡಿ. ಸೊನ್ನೆ ಬಂದ ಮೇಲೆ ಬಿರುಕು ಮುಚ್ಚಿ ನೆಲ ಸಾರಿಸಿ. ಮೊದಲೇ ಸಾರಿಸಿದರೆ ಹೊಡೆದ ಔಷಧಿ ಮಣ್ಣಿನಡಿ ಮುಚ್ಚಿಹೋಗುತ್ತದೆ.

ಪ್ರಯೋಗಾಲಯ, ಹುಬ್ಬಳ್ಳಿ

ಇನ್ನೊಂದು ಸತ್ತ ಇಲಿ ಕಂಡರೆ: ನಾಯಿಯನ್ನು ಕಟ್ಟಿ, ಮಕ್ಕಳನ್ನು ದೂರ ಇಡಿ. ಬೂಟು, ಕೈಗವಸು, ಮುಖಕ್ಕೆ ಮಾಸ್ಕ್ ಹಾಕಿ. ಹತ್ತಿರ ಹೋಗುವ ಮೊದಲು ಮನೆಯಲ್ಲಿ ಜಿರಲೆಗೆ ಹೊಡೆಯುವ ಸ್ಪ್ರೇ ಅದರ ಮೇಲೂ ಸುತ್ತಲ ಒಂದು ಮೀಟರ್ ನೆಲಕ್ಕೂ ಹೊಡೆದು ಹತ್ತು ನಿಮಿಷ ಕಾಯಿರಿ. ಉದ್ದ ಚಿಮಟದಿಂದ ಎತ್ತಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಒಂದರೊಳಗೊಂದು ಹಾಕಿ ಕಟ್ಟಿ. ಕೊಯ್ಯಬೇಡಿ, ಅಡುಗೆ ಮನೆಯ ಫ್ರಿಜ್‌ನಲ್ಲಿ ಇಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಲ್ಲವೇ 104ಕ್ಕೆ ಫೋನ್ ಮಾಡಿ, ಯಾವ ದಿನ, ಎಷ್ಟು ಇಲಿ, ಮನೆಯಿಂದ ಎಷ್ಟು ದೂರ, ಊರಲ್ಲಿ ಜ್ವರದವರು ಇದ್ದಾರೋ ಅನ್ನುವ ನಾಲ್ಕು ಮಾತು ಹೇಳಿ. ಅವರು ಬಂದು ಒಯ್ಯುವುದಾದರೆ ಐಸ್ ಡಬ್ಬಿಯಲ್ಲಿ ನೆರಳಿಗೆ ಇಡಿ. ಬೇಡ ಅಂದರೆ ಬಾವಿ, ಹಳ್ಳದಿಂದ ದೂರ ಮೂರು ಅಡಿ ಆಳಕ್ಕೆ ಹೂತು ಮೇಲೆ ಕಲ್ಲು ಹೇರಿ, ನರಿ ಕೆದರದಂತೆ.